ಸಹಿಯಿಲ್ಲದ ಸುತ್ತೋಲೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದಾಗ, ಮುಂದೆ ‘ಆಕಾಶವಾಣಿ’ಯೆಂದು ದೇಶಕ್ಕೆಲ್ಲ ಪರಿಚಿತವಾದ ಆ ಹೊಸ ಮಾಧ್ಯಮವು ಅವರಿಗೆ ಕಾಲೇಜಿನ ಗೋಡೆಯಾಚೆಯ ಜನರಿಗೆ ವಿದ್ಯೆಯನ್ನೂ ಸಂಗೀತವನ್ನೂ ಮುಟ್ಟಿಸುವ ಸಾಧನವಾಗಿ ತೋರಿತು. ಮೈಸೂರು ವಿಶ್ವವಿದ್ಯಾನಿಲಯವು ಜನಸಾಮಾನ್ಯರಿಗಾಗಿ ನಡೆಸಿದ ಪ್ರಚಾರೋಪನ್ಯಾಸಗಳ ಹಿಂದಿದ್ದುದೂ ಇದೇ ಆಶಯ. ಇಂದಿನ ನವಮಾಧ್ಯಮವನ್ನು ನಮ್ಮ ವಿದ್ಯಾಸಂಸ್ಥೆಗಳು ಸ್ವೀಕರಿಸಿರುವ ರೀತಿಯಾದರೋ ಬೇರೆ. ಅದು ಬೋಧನೆಗಿಂತ ಹೆಚ್ಚಾಗಿ ಆಡಳಿತಕ್ಕೆ ಒದಗಿದೆ, ಮತ್ತು ಆಡಳಿತದ ಸ್ವರೂಪವನ್ನೇ ಸದ್ದಿಲ್ಲದೆ ಮಾರ್ಪಡಿಸುತ್ತಿದೆ.

ಆ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಿಂದ ಅನತಿದೂರದಲ್ಲಿ, ಹುಣಸೂರು ರಸ್ತೆಯ ಮೇಲಿರುವ ನಮ್ಮ ಹಿನಕಲ್‌ನಂತಹ ಊರಿನ ಜೆರಾಕ್ಸ್ ಅಂಗಡಿಯ ಮುಂದೆ ಪರೀಕ್ಷಾಕಾಲದಲ್ಲಿ ನಿಂತವರಿಗೆ ಇದು ಅರ್ಥವಾದೀತು. ‘ಶುಲ್ಕ ಕಟ್ಟಲು ನಾಳೆ ಕಡೆಯ ದಿನ’ ಎಂಬ ವಾಟ್ಸಾಪ್ ಸಂದೇಶವೊಂದು ಹತ್ತಾರು ಗುಂಪುಗಳನ್ನು ದಾಟಿ ಬಂದಿರುತ್ತದೆ. ಅದರಲ್ಲಿ ದಿನಾಂಕವಿಲ್ಲ, ಸಂಖ್ಯೆಯಿಲ್ಲ, ಸಹಿಯಿಲ್ಲ. ಆ ‘ನಾಳೆ’ ಯಾವ ದಿನದ ನಾಳೆಯೆಂಬುದನ್ನು ಬಲ್ಲವರೂ ಇಲ್ಲ. ಅರ್ಜಿಗೆ ಭಾವಚಿತ್ರ ಎಷ್ಟು ಗಾತ್ರದ್ದಿರಬೇಕು, ಸರ್ವರ್ ಎಷ್ಟು ಹೊತ್ತಿಗೆ ಏಳುತ್ತದೆ, ಕಡಿತವಾದ ಹಣ ಜಮೆಯಾಯಿತೋ ಇಲ್ಲವೋ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುವವನು ಅಂಗಡಿಯ ಯಜಮಾನನೇ. ಯಾವ ಸಿಂಡಿಕೇಟಿನ ನೇಮಕವೂ ಇಲ್ಲದೆ ಅವನು ಆ ಬೀದಿಯ ಕುಲಸಚಿವನಾಗಿದ್ದಾನೆ. ಮತ್ತು, ನ್ಯಾಯವಾಗಿ ಹೇಳುವುದಾದರೆ, ಕೆಲಸವನ್ನು ತಾಳ್ಮೆಯಿಂದಲೇ ನಿರ್ವಹಿಸುತ್ತಾನೆ.

ಹಳೆಯ ಕಾಲವನ್ನು ಹೊಗಳುವ ಚಾಪಲ್ಯ ನನಗಿಲ್ಲ. ಅಂಕಪಟ್ಟಿಯಲ್ಲಿನ ಒಂದು ಅಕ್ಷರದ ತಿದ್ದುಪಡಿಗಾಗಿ ಹೆಗ್ಗಡದೇವನಕೋಟೆಯ ಹುಡುಗನೊಬ್ಬ ಬಸ್ಸು ಹತ್ತಿ ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನಕ್ಕೆ ಬಂದು, ಚಲನ್ ತುಂಬಿ, ಕಿಟಕಿಯಿಂದ ಕಿಟಕಿಗೆ ಅಲೆದು, ‘ಸಾಹೇಬರು ರಜೆ, ನಾಳೆ ಬಾ’ ಎನ್ನಿಸಿಕೊಂಡು ಹಿಂದಿರುಗುತ್ತಿದ್ದ ವ್ಯವಸ್ಥೆಯಲ್ಲಿ ಹಂಬಲಿಸತಕ್ಕದ್ದೇನೂ ಇರಲಿಲ್ಲ. ಈಗ ಡಿಜಿಲಾಕರಿನಲ್ಲಿ ಅಂಕಪಟ್ಟಿ ಅಂಗೈಗೇ ಬರುತ್ತದೆ.

ಆದರೆ ಆ ಕಿಟಕಿಯ ಹಿಂದೆ ಒಬ್ಬ ಮನುಷ್ಯನಿದ್ದನು, ಅವನ ಮುಂದೆ ಒಂದು ಕಡತವಿತ್ತು, ಕಡತಕ್ಕೊಂದು ಸಂಖ್ಯೆಯಿತ್ತು. ಪರೀಕ್ಷೆ ಬರೆದವನ ಹೆಸರಿನೆದುರು ಗೈರುಹಾಜರಿಯೆಂದು ಪರದೆ ತೋರಿಸಿದರೆ ಇಂದು ಕೇಳುವುದು ಯಾರನ್ನು? ಕಾಲೇಜು ವಿಶ್ವವಿದ್ಯಾನಿಲಯದ ಕಡೆಗೆ ಬೆರಳು ತೋರಿಸೀತು, ವಿಶ್ವವಿದ್ಯಾನಿಲಯ ಪೋರ್ಟಲಿನ ಕಡೆಗೆ. ಪ್ರವೇಶದಿಂದ ಫಲಿತಾಂಶದವರೆಗಿನ ವ್ಯವಹಾರವನ್ನೆಲ್ಲ ರಾಜ್ಯ ಸರ್ಕಾರದ ಏಕೀಕೃತ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಒಪ್ಪಿಸಿದ ಮೇಲೆ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ವಿಶ್ವವಿದ್ಯಾನಿಲಯವೂ ತನ್ನ ಪರೀಕ್ಷೆಯ ವೇಳಾಪಟ್ಟಿಗಾಗಿ ಬೆಂಗಳೂರಿನ ತಂತ್ರಾಂಶದ ಮುಖ ನೋಡಬೇಕಾಗುತ್ತದೆ. ಸ್ವಾಯತ್ತತೆಯನ್ನು ಶಾಸನದಿಂದ ಮೊಟಕುಗೊಳಿಸಲು ಹೊರಟಿದ್ದರೆ ವಿಧಾನಮಂಡಲದಲ್ಲಿ ಗದ್ದಲವೆದ್ದೀತು. ಲಾಗಿನ್ನಿನ ಮೂಲಕ ಮೊಟಕಾದಾಗ ಪ್ರಾಧ್ಯಾಪಕರು ಪಾಸ್‌ವರ್ಡ್ ಮರೆತದ್ದಕ್ಕಷ್ಟೇ ಗೊಣಗಿದರು.

ಅಧಿಕೃತ ವಾಣಿ ದುರ್ಬಲವಾದಲ್ಲಿ ಅನಧಿಕೃತ ವಾಣಿ ಬಲಿಯುತ್ತದೆ. ನಮ್ಮೂರಿನ ನೆರೆಯಲ್ಲೇ ಇರುವ, 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿ, 2018ರಲ್ಲಿ ಅದನ್ನು ಮರಳಿ ನೀಡುವವರೆಗಿನ ಅವಧಿಯಲ್ಲಿ, ದೂರದೂರದ ಊರುಗಳಲ್ಲಿದ್ದು ಕೆಲಸಮಾಡುತ್ತ ಓದುತ್ತಿದ್ದವರಿಗೆ ಬೇಕಾಗಿದ್ದುದು, ನಿಮ್ಮ ಪದವಿಯ ಗತಿ ಇಂತಹದು ಎಂದು ಹೊಣೆ ಹೊತ್ತು ಹೇಳುವ ಒಂದು ದನಿ. ಅಂತಹ ಹೊತ್ತಿನಲ್ಲಿ ಮೊಬೈಲಿಗೆ ಬರುವ ಫಾರ್ವರ್ಡುಗಳು ಭೀತಿಯನ್ನು ಹಂಚಬಲ್ಲವೇ ಹೊರತು ಹೊಣೆಯನ್ನಲ್ಲ.

ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ಗುಂಪಿಗೆ ಹೋಗುವ ಪ್ರತಿಯೊಂದು ಸೂಚನೆಯೂ ಸಂಖ್ಯೆ, ದಿನಾಂಕ, ಸಹಿಗಳುಳ್ಳ ಕನ್ನಡದ ಸುತ್ತೋಲೆಯಾಗಿ ಜಾಲತಾಣದಲ್ಲಿಯೂ ಕಾಲೇಜಿನ ಫಲಕದಲ್ಲಿಯೂ ಅದೇ ದಿನ ಕಾಣಿಸಿಕೊಳ್ಳಲಿ. ಇಲ್ಲದಿದ್ದರೆ ಅದನ್ನು ಪಾಲಿಸದ ವಿದ್ಯಾರ್ಥಿಗೆ ದಂಡವಿಲ್ಲವೆಂದು ಸಿಂಡಿಕೇಟು ನಿರ್ಣಯಿಸಲಿ. ಪೋರ್ಟಲಿನ ತಪ್ಪನ್ನು ಬೆಂಗಳೂರನ್ನು ಕೇಳದೆಯೇ ತಿದ್ದುವ ಅಧಿಕಾರವುಳ್ಳ ಒಬ್ಬ ಅಧಿಕಾರಿಯು, ತನ್ನ ಹೆಸರಿನ ಫಲಕದೊಡನೆ, ಕ್ರಾಫರ್ಡ್ ಭವನದ ನೆಲಅಂತಸ್ತಿನಲ್ಲಿ ದಿನವೂ ಕುಳಿತಿರಲಿ.