ಮೂವತ್ತೊಂದಕ್ಕೆ ಮುಗಿದರೆ ಸೋಲೇ?

2007ರಲ್ಲಿ ಅಮೆರಿಕದ ಕಾಲೇಜು ಟೆನಿಸ್‌ನ ಸಿಂಗಲ್ಸ್ ಫೈನಲ್ ಗೆದ್ದವರು ವರ್ಜೀನಿಯಾ ವಿಶ್ವವಿದ್ಯಾಲಯದ ಸೋಮದೇವ್ ದೇವವರ್ಮನ್, ಸೋತವರು ಜಾರ್ಜಿಯಾದ ಜಾನ್ ಇಸ್ನರ್. ಮರುವರ್ಷವೂ ಸೋಮದೇವ್ ಅವರೇ ಚಾಂಪಿಯನ್. ಆ ಋತುವಿನಲ್ಲಿ ಅವರು ಸೋತದ್ದು ಒಂದೇ ಪಂದ್ಯ. ವೃತ್ತಿಪರ ಟೂರ್‌ಗೆ ಬಂದಮೇಲೆ ಲೆಕ್ಕ ತಲೆಕೆಳಗಾಯಿತು. ಇಸ್ನರ್ ವಿಶ್ವದ ಎಂಟನೇ ಸ್ಥಾನದವರೆಗೆ ಹೋದರು. ಸೋಮದೇವ್ 2010ರಲ್ಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳ ಚಿನ್ನ ತಂದರು, 2011ರಲ್ಲಿ 62ನೇ ಸ್ಥಾನಕ್ಕೇರಿದರು. ಆಮೇಲೆ ಭುಜದ ಗಾಯ. 2017ರ ಮೊದಲ ದಿನವೇ, 31ನೇ ವಯಸ್ಸಿಗೆ, ನಿವೃತ್ತಿ. ಪುರುಷರ ವೃತ್ತಿಪರ ಟೂರ್ ನಡೆಸುವ ಎಟಿಪಿಯ ಸಿಂಗಲ್ಸ್ ಪ್ರಶಸ್ತಿ ಒಂದೂ ಇಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಹಾಳುಮಾಡಿಕೊಂಡರು ಎಂದುಬಿಡುವುದು ಸುಲಭ. ಆದರೆ ಆ ತೀರ್ಪಿನಲ್ಲಿ ಟೂರ್‌ನ ಅರ್ಥಶಾಸ್ತ್ರಕ್ಕೆ ಜಾಗವೇ ಇಲ್ಲ.

ಹೆಚ್ಚಿನವರ ಆಟ ಬೇಗ ಮುಗಿಯುವ ಹಾಗೆಯೇ ಈ ಟೂರ್ ಇದೆ. ಭಾರತ ತಂಡದ ಕ್ರಿಕೆಟಿಗನಿಗೆ ಟಿಕೆಟ್, ಹೋಟೆಲ್ ಎಲ್ಲ ಮಂಡಳಿಯದು. ಟೆನಿಸ್ ಆಟಗಾರ ವಿಮಾನ, ಕೋಚ್, ಫಿಸಿಯೊ ಎಲ್ಲಕ್ಕೂ ತನ್ನ ಜೇಬಿಗೇ ಕೈಹಾಕಬೇಕು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಕೆಳಹಂತದ ಕೂಟದ ಒಟ್ಟು ಬಹುಮಾನ 15 ಸಾವಿರ ಡಾಲರ್. ವಾರವಿಡೀ ಗೆದ್ದ ಚಾಂಪಿಯನ್‌ಗೆ ಅದರಲ್ಲಿ ಎರಡು ಸಾವಿರ ಚಿಲ್ಲರೆ, ಮೊದಲ ಸುತ್ತಿನಲ್ಲೇ ಸೋತವನಿಗೆ ಇನ್ನೂರೂ ಇಲ್ಲ. 2023ರಲ್ಲಿ ದೇಶದ ಅಗ್ರ ಸಿಂಗಲ್ಸ್ ಆಟಗಾರ ಸುಮಿತ್ ನಗಾಲ್, ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಬಹಿರಂಗವಾಗಿಯೇ ಹೇಳಿಕೊಂಡರು. ಮೊದಲ ಸ್ಥಾನದಲ್ಲಿರುವವರ ಪಾಡೇ ಇದಾದರೆ ಹತ್ತನೆಯವನ ಪಾಡೇನು? ಹದಿನೇಳರಲ್ಲಿ ಓದು ಬಿಟ್ಟು ಇಲ್ಲಿಗೆ ಇಳಿದವನಿಗೆ ಭುಜವೋ ಮಂಡಿಯೋ ಕೈಕೊಟ್ಟ ದಿನ ಏನೂ ಉಳಿಯುವುದಿಲ್ಲ. ಪದವಿ ಮುಗಿಸಿ ಬಂದವನಿಗೆ ಇನ್ನೊಂದು ಬದುಕಿರುತ್ತದೆ.

ಅಲ್ಕರಾಜ್, ಸಿನ್ನರ್ ಯಾವ ಕಾಲೇಜಿಗೆ ಹೋದರು ಎಂದು ಕೇಳಬಹುದು. ಹತ್ತೊಂಬತ್ತಕ್ಕೇ ಯುಎಸ್ ಓಪನ್ ಗೆಲ್ಲಬಲ್ಲವನು ಹೋಗಬೇಕಾಗಿಯೂ ಇಲ್ಲ. ಅಂಥವರು ತಲೆಮಾರಿಗೆ ಒಬ್ಬಿಬ್ಬರು. ಅವರ ಅಳತೆಗೆ ಉಳಿದವರ ಅಂಗಿ ಹೊಲಿಯಲಾಗದು. ಕಾಲೇಜು ಆಟವನ್ನು ಮೊಂಡು ಮಾಡುತ್ತದೆ ಎಂಬ ವಾದವಂತೂ ನಿಲ್ಲುವುದೇ ಇಲ್ಲ. 2022ರ ಕಾಲೇಜು ಚಾಂಪಿಯನ್ ಬೆನ್ ಶೆಲ್ಟನ್ ವಿಶ್ವದ ಮೊದಲ ಹತ್ತರೊಳಗೆ ಬಂದರು. ಅಮೆರಿಕದ ಕಾಲೇಜು ರ‍್ಯಾಂಕಿಂಗ್‌ನ ಮೊದಲ ಇಪ್ಪತ್ತು ಮಂದಿಗೆ ಮುಖ್ಯ ಟೂರ್‌ಗಿಂತ ಒಂದು ಹಂತ ಕೆಳಗಿನ ಚಾಲೆಂಜರ್ ಕೂಟಗಳಲ್ಲಿ ಅವಕಾಶ ಕೊಡುವ ಯೋಜನೆಯನ್ನು ಎಟಿಪಿಯೇ 2023ರಲ್ಲಿ ಪ್ರಕಟಿಸಿತು. ಬೆಂಗಳೂರಿನಿಂದ ವಲಸೆ ಹೋದ ದಂಪತಿಯ ಮಗ ರಾಜೀವ್ ರಾಮ್ 2003ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಡಬಲ್ಸ್ ಪ್ರಶಸ್ತಿ ಗೆದ್ದುಕೊಟ್ಟರು. ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದಾಗ ಅವರಿಗೆ 38.

ಇದೇ ಮಾತನ್ನು ನಮ್ಮ ರಾಯಚೂರಿಗೆ ತಂದರೆ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಕುಡಿಯುವ ನೀರು, ಅಪೌಷ್ಟಿಕತೆಯ ಸಮಸ್ಯೆಯೇ ಬಗೆಹರಿಯದ ರಾಯಚೂರು ಜಿಲ್ಲೆಗೆ ಟೆನಿಸ್ ಯಾಕೆ? ಮೊದಲು ಅವೇ ಆಗಬೇಕು, ಒಪ್ಪೋಣ. ಆದರೆ ಆಟ ಮತ್ತು ಓದಿನ ನಡುವೆ ಒಂದನ್ನೇ ಆರಿಸಿಕೋ ಎಂಬ ಒತ್ತಾಯ ಟೆನಿಸ್‌ಗಷ್ಟೇ ಸೀಮಿತವಲ್ಲ. ದೇವದುರ್ಗದ ಕಬಡ್ಡಿ ಆಟಗಾರ್ತಿಗೂ ಮಾನ್ವಿಯ ಓಟಗಾರನಿಗೂ ಅದು ತಪ್ಪಿದ್ದಲ್ಲ. ಅಮೆರಿಕಕ್ಕೆ ಕಳಿಸುವುದೂ ಪರಿಹಾರವಲ್ಲ. ಅಲ್ಲಿಯೂ ಪುರುಷರ ಟೆನಿಸ್ ತಂಡವೊಂದಕ್ಕೆ ಬಹುಕಾಲ ಇದ್ದದ್ದು ಒಟ್ಟು ನಾಲ್ಕೂವರೆ ವಿದ್ಯಾರ್ಥಿವೇತನ. ಉಳಿದ ಖರ್ಚು ಭರಿಸುವುದು ಶಕ್ತಿನಗರದ ವಿದ್ಯುತ್ ಸ್ಥಾವರದ ಕಾಯಂ ನೌಕರನಿಗೂ ಕಷ್ಟ. ದಾರಿ ಇಲ್ಲೇ ಆಗಬೇಕು. 2023ರ ಕೊನೆಯಲ್ಲಿ ಕಲಬುರಗಿಯಲ್ಲಿ ಐಟಿಎಫ್ ಕೂಟ ನಡೆದು ರಾಮ್‌ಕುಮಾರ್ ರಾಮನಾಥನ್ ಗೆದ್ದರು. ಅಂತರರಾಷ್ಟ್ರೀಯ ಟೆನಿಸ್ ಈ ಭಾಗಕ್ಕೆ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೂಟ ಮುಗಿದಮೇಲೂ ಇಲ್ಲಿ ಉಳಿಯಬೇಕಾದವನು ತರಬೇತುದಾರ. ನಮ್ಮ ವಿಶ್ವವಿದ್ಯಾಲಯಗಳು ಆಡುವ ಮಕ್ಕಳಿಗೆ ಹಾಜರಾತಿ, ಪರೀಕ್ಷೆಗಳಲ್ಲಿ ಸಡಿಲಿಕೆ ಕೊಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಕ್ರಿಯಾಯೋಜನೆಯಲ್ಲಿ ಮೊದಲು ತರಬೇತುದಾರನ ಸಂಬಳ ಬರೆಯಲಿ. ಪೆವಿಲಿಯನ್ ಆಮೇಲೆ ಕಟ್ಟಿದರಾಯಿತು.