ಕಸುಬು ಬಲ್ಲವನ ಸಾಕ್ಷ್ಯ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಬಣ್ಣ ವಿಂಗಡಿಸುವ ಯಂತ್ರವನ್ನು ನೋಡುವುದು ನನಗೆ ಇಂದಿಗೂ ಸೋಜಿಗವೇ. ಜಾರುವ ಕಾಳಿನ ಮೇಲ್ಮೈಗೆ ಬೆಳಕು ಬೀಳುತ್ತದೆ. ಕ್ಯಾಮೆರಾ ಕಪ್ಪು, ಹಳದಿ ಕಾಳನ್ನು ಗುರುತಿಸುತ್ತದೆ. ಮರುಕ್ಷಣವೇ ಗಾಳಿಯ ರಭಸ ಅದನ್ನು ಹೊರದಬ್ಬುತ್ತದೆ. ಕುಷ್ಟಗಿ, ಯಲಬುರ್ಗಾದ ಬೇಳೆಕಾಳಿಗೂ ಸಲ್ಲುವ ತಂತ್ರವಿದು. ಇದಕ್ಕೆ ಇನ್ನೊಂದು ದೀಪವನ್ನು ಓರೆಯಾಗಿ ಜೋಡಿಸಿ, ಹೊಸ ಶೋಧವೆಂದು ಪೇಟೆಂಟ್ ಕೇಳಿದರೆ ಕೊಡಬೇಕೇ?

ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ ಕಾನೂನು. ಪಾತ್ರೆ ತಯಾರಿಕೆಯ ಲೇತ್‌ ಸುಧಾರಣೆಗೆ ದೊರೆತಿದ್ದ ಪೇಟೆಂಟ್ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪಿತ್ತದ್ದು ಈ ನೆಲೆಯಲ್ಲಿಯೇ.

ಆದರೆ ಆ ಕಸುಬು ಬಲ್ಲವ ಯಾರು? ಕಡತಗಳಲ್ಲಿ ಆತ ಕಾಲ್ಪನಿಕ ವ್ಯಕ್ತಿ. ನನಗಂತೂ ಗಿರಣಿಯ ಆಪರೇಟರ್ ನೆನಪಾಗುತ್ತಾನೆ. ಗಾಜಿಗೆ ತೌಡಿನ ಧೂಳು ಕುಳಿತರೆ, ಭತ್ತದ ತಳಿ ಬದಲಾದರೆ ಏನು ಮಾಡಬೇಕೆಂಬುದು ಆತನ ಬೆರಳತುದಿಯಲ್ಲಿದೆ, ಬರವಣಿಗೆಯಲ್ಲಿಲ್ಲ. 1970ರ ಕಾಯ್ದೆಯ 25ನೇ ಕಲಂ ಪ್ರಕಾರ, ಪೇಟೆಂಟ್ ಮಂಜೂರಾಗುವ ಮುನ್ನ ಯಾರು ಬೇಕಾದರೂ ಆಕ್ಷೇಪಿಸಬಹುದು. ಅಚ್ಚಾದದ್ದಷ್ಟೇ ಅಲ್ಲ, ದೇಶದಲ್ಲಿ ಮೊದಲೇ ಬಳಕೆಯಲ್ಲಿದ್ದದ್ದೂ ಆಧಾರವಾಗುತ್ತದೆ. ಗುಟ್ಟಾದ ಬಳಕೆ ಮಾತ್ರ ಲೆಕ್ಕಕ್ಕಿಲ್ಲ. ಚೆನ್ನೈನ ಪೇಟೆಂಟ್ ಕಚೇರಿಯ ಮುಂದೆ ‘ನಮ್ಮಲ್ಲಿ ಇದು ಹಳೆಯದು’ ಎಂಬ ಬಾಯಿಮಾತು ಸಾಲದು.

ಆದ್ದರಿಂದ ಗಿರಣಿ ಮಾಲೀಕರು ತಮ್ಮ ಮಾರ್ಪಾಡುಗಳನ್ನು ಚಿತ್ರ, ದಿನಾಂಕ ಸಹಿತ ಪ್ರಕಟಿಸಲಿ. ಕೊಪ್ಪಳ ಜಿಲ್ಲೆಯ ಪಾಲಿಟೆಕ್ನಿಕ್‌ಗಳು ನೆರವಾಗಲಿ. ನಿಜಕ್ಕೂ ಹೊಸದು ಹೊಳೆದವರು ಮಾತ್ರ ಮೊದಲು ಅರ್ಜಿ ಸಲ್ಲಿಸಬೇಕು. ಮುಂಚೆಯೇ ಪ್ರಕಟಿಸಿದರೆ ಸಾಮಾನ್ಯವಾಗಿ ಅವರ ಹಕ್ಕೇ ತಪ್ಪಿಹೋಗುತ್ತದೆ.