ರೊಕ್ಕಿದ್ದವರ ರೋಡು, ಸೊಕ್ಕಿದ್ದವರ ದಾರಿ

ಫಾರಿನ್ನಿಗೆ ಹೋಗಿ ಬಂದವರು ಬರೆಯುವ ಪ್ರವಾಸ ಕಥನಗಳಿಗೆ ಒಂದು ಫಾರ್ಮುಲಾ ಇದೆ. ಮೊದಲ ಪ್ಯಾರಾದಲ್ಲಿ ಅಲ್ಲಿನ ರಸ್ತೆ ಎಷ್ಟು ನುಣುಪು, ಎರಡನೇದರಲ್ಲಿ ಅಲ್ಲಿನ ಟಾಯ್ಲೆಟ್ ಎಷ್ಟು ಸ್ವಚ್ಛ, ಕೊನೆಯಲ್ಲಿ "ನಮ್ಮಲ್ಲಿ ಯಾವಾಗಪ್ಪಾ ಹೀಗಾಗೋದು" ಅನ್ನೋ ಒಂದು ನಿಟ್ಟುಸಿರು. ನಾನೂ ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇದ್ದು ಬಂದವನೇ. ರಸ್ತೆ ನುಣುಪಾಗಿಯೇ ಇತ್ತು, ಟಾಯ್ಲೆಟ್ ಸ್ವಚ್ಛವಾಗಿಯೇ ಇತ್ತು :) ಆದರೆ ಈ ಸಲ ಸ್ವಲ್ಪ ಉಲ್ಟಾ ಹೇಳಬೇಕು ಅನ್ನಿಸಿದೆ. ಬೇರೆ ಹತ್ತು ವಿಷಯಗಳಲ್ಲಿ ಅವರು ನಮಗಿಂತ ಮುಂದಿರಬಹುದು. ಒಂದು ವಿಷಯದಲ್ಲಿ ಮಾತ್ರ ನಮ್ಮ ಯಾಣವೇ ಸರಿ, ಅವರ ಪಿನಕಲ್ಸ್ ತಪ್ಪು.

ಪಿನಕಲ್ಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಿಬಿಡ್ತೀನಿ.

ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ಹೋದರೆ ಸರ್ವಾಂಟಿಸ್ ಅಂತ ಒಂದು ಮೀನುಗಾರರ ಸಣ್ಣ ಊರು ಸಿಗುತ್ತೆ. 2010ರಲ್ಲಿ ಕರಾವಳಿಗುಂಟ ಇಂಡಿಯನ್ ಓಶನ್ ಡ್ರೈವ್ ಅನ್ನೋ ರಸ್ತೆ ಪೂರ್ತಿಯಾದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವಷ್ಟು ಹತ್ತಿರವಾಗಿದೆ. ಊರಿಗೆ ಸ್ವಲ್ಪ ಮೊದಲೇ ನಂಬಂಗ್ ರಾಷ್ಟ್ರೀಯ ಉದ್ಯಾನ. ಅದರೊಳಗೆ ಹೊಕ್ಕರೆ ಹಳದಿ ಮರಳಿನ ಬಯಲು, ಆ ಬಯಲಿನ ತುಂಬ ಸಾವಿರಾರು ಸುಣ್ಣಕಲ್ಲಿನ ಕಂಬಗಳು. ಕೆಲವು ಮೊಣಕಾಲೆತ್ತರ, ಕೆಲವು ಮೂರೂವರೆ ಮೀಟರ್‌ವರೆಗೆ. ನಮ್ಮ ಕಡೆಯವರು ನೋಡಿದರೆ ಮೊದಲು ಬಾಯಿಗೆ ಬರೋ ಮಾತು "ಇಷ್ಟೊಂದು ವೀರಗಲ್ಲು ಯಾರು ನಿಲ್ಲಿಸಿದರೋ!" ಅಂತಲೇ. ನನಗೂ ಹಾಗೇ ಅನ್ನಿಸಿತು.

ಯಾರೂ ನಿಲ್ಲಿಸಿದ್ದಲ್ಲ. ಅದೆಲ್ಲ ಸಮುದ್ರದ ಚಿಪ್ಪು. ಹತ್ತಾರು ಸಾವಿರ ವರ್ಷಗಳ ಹಿಂದೆ ಚಿಪ್ಪುಗಳೆಲ್ಲ ಪುಡಿಯಾಗಿ ಮರಳಾದವು, ಆ ಮರಳನ್ನು ಗಾಳಿ ಒಳನಾಡಿಗೆ ತಂದು ದಿಬ್ಬ ಮಾಡಿತು. ಮರುಭೂಮಿ ಅಂತ ಹೆಸರಿದ್ದರೂ ಅಲ್ಲಿ ಚಳಿಗಾಲದಲ್ಲಿ ಮಳೆ ಬೀಳುತ್ತೆ. ಮಳೆನೀರು ಸುಣ್ಣವನ್ನು ಕರಗಿಸಿಕೊಂಡು ಕೆಳಗೆ ಇಳಿದು, ಮರಳಿನ ಕಣಗಳನ್ನು ಗಾರೆ ಹಾಕಿದಂತೆ ಅಂಟಿಸಿತು. ಆಮೇಲೆ ಗಾಳಿ ಸಡಿಲ ಮರಳನ್ನು ಹೊತ್ತೊಯ್ದಿತು, ಗಟ್ಟಿಯಾದದ್ದು ನಿಂತಿತು. ಗಟ್ಟಿಯಾಗಿದ್ದು ಯಾಕೆ ಹೀಗೆ ಕಂಬ ಕಂಬವಾಗಿ ಅನ್ನೋದರಲ್ಲಿ ವಿಜ್ಞಾನಿಗಳಿಗೇ ಒಮ್ಮತ ಇಲ್ಲ. ಗಿಡಮರಗಳ ಬೇರಿನ ಸುತ್ತ ಸುಣ್ಣ ಕೂಡಿದ್ದರಿಂದ ಅಂತ ಕೆಲವರು, ದೊಡ್ಡ ಸುಣ್ಣಕಲ್ಲಿನ ಹಾಸೇ ಕರಗಿ ಉಳಿದ ತುಣುಕುಗಳು ಇವು ಅಂತ ಇನ್ನು ಕೆಲವರು.

ಫೋನಿನಲ್ಲಿ ಅವ್ವನಿಗೆ ಇದನ್ನೆಲ್ಲ ವರ್ಣನೆ ಮಾಡಿ ಹೇಳಿದೆ. ಹಳೇ ಹುಬ್ಬಳ್ಳಿಯಿಂದ ಬಂದ ಉತ್ತರ ಇಷ್ಟೇ: "ಅಲ್ಲೋ, ಕಲ್ಲು ನೋಡಾಕ ಸಮುದ್ರ ದಾಟಿ ಹೋಗ್ಬೇಕಿತ್ತೇನು? ನಮ್ಮ ಯಾಣಕ್ಕ ಏನಾಗೇತಿ?"

ಮಾತಿಗೆ ಅಂದದ್ದಾದರೂ ಅವ್ವ ಅಂದದ್ದು ವೈಜ್ಞಾನಿಕವಾಗಿಯೂ ಸರಿ! ಯಾಣದ್ದೂ ಸುಣ್ಣಕಲ್ಲೇ. ಹೊರಮೈ ಕಪ್ಪಗಿರುವುದರಿಂದ ಗೊತ್ತಾಗೋದಿಲ್ಲ ಅಷ್ಟೇ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ನಮ್ಮ ಸೋಡಾ ಥರ ತೀರಾ ತಿಳಿ ಆಮ್ಲವಾಗುತ್ತೆ, ಅದು ಸುಣ್ಣಕಲ್ಲನ್ನು ತಿನ್ನುತ್ತಾ ಹೋಗುತ್ತೆ. ಪಿನಕಲ್ಸಿನಲ್ಲಿ ಆದದ್ದೂ ಇದೇ ಕೆಮಿಸ್ಟ್ರಿ, ಯಾಣದಲ್ಲಿ ಆದದ್ದೂ ಇದೇ. ಆದರೆ ಸೈಜು ನೋಡಿ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅಲ್ಲಿನ ಅತಿ ಎತ್ತರದ ಕಂಬಗಳನ್ನು ಒಂದರ ಮೇಲೊಂದು ಮೂವತ್ತು ಇಟ್ಟರೂ ಭೈರವೇಶ್ವರನ ನೆತ್ತಿ ಮುಟ್ಟೋದಿಲ್ಲ. ಅಲ್ಲಿ ಮರಳು, ಇಲ್ಲಿ ಕಾಡು. ಅಲ್ಲಿ ಸಮುದ್ರ ಪಕ್ಕದಲ್ಲೇ, ಇಲ್ಲೂ ಕುಮಟಾದ ಕಡಲು ದೂರವೇನಿಲ್ಲ. ಹುಬ್ಬಳ್ಳಿಯಿಂದ ತಡಸ, ಮುಂಡಗೋಡ, ಶಿರಸಿ ಮೇಲೆ ಹೋದರೆ ಸುಮಾರು ನೂರೈವತ್ತು ಕಿ.ಮೀ. ದಾರಿ. ಪರ್ತ್‌ನವರಿಗೆ ಪಿನಕಲ್ಸ್ ಎಷ್ಟು ದೂರವೋ ನಮಗೆ ಯಾಣ ಅದಕ್ಕಿಂತ ಹತ್ತಿರ.

ಈಗ ನನ್ನ ತಕರಾರಿಗೆ ಬರ್ತೀನಿ.

ಪಿನಕಲ್ಸಿನಲ್ಲಿ ಕಾರು ಕಲ್ಲುಗಳ ನಡುವೆಯೇ ಹೋಗುತ್ತೆ. ಸುಮಾರು ನಾಲ್ಕು ಕಿ.ಮೀ. ಉದ್ದದ ಒನ್-ವೇ ಮಣ್ಣಿನ ರಸ್ತೆ, ಕಂಬಗಳ ಮಧ್ಯೆ ಹಾವಿನಂತೆ ಸುತ್ತಿಕೊಂಡು ವಾಪಸ್ ಬರುತ್ತೆ. ಅಲ್ಲಲ್ಲಿ ನಿಲ್ಲಿಸೋಕೆ ಜಾಗ. ಗೇಟಿನಲ್ಲಿ ವಾಹನಕ್ಕೆ ಇಷ್ಟು ಅಂತ ಫೀಸು ಕೊಡು, ಒಳಗೆ ಹೋಗು, ಏಸಿ ಹಾಕಿಕೊಂಡೇ ಮರುಭೂಮಿ ನೋಡು, ಹೊರಗೆ ಬಾ. ನಡೆಯೋಕೆ ಬೇರೆ ದಾರಿಯೂ ಇದೆ, ಒಂದೂವರೆ ಕಿ.ಮೀ. ಇರಬಹುದು. ನಾನು ಆ ದಾರಿಯಲ್ಲಿ ನಡೆದೆ. ಆ ಹೊತ್ತಿನಲ್ಲಿ ಅಲ್ಲಿ ನಡೆಯುತ್ತಿದ್ದವರು ಬೆರಳೆಣಿಕೆಯ ಮಂದಿ. ಪಕ್ಕದಲ್ಲಿ ಕಾರುಗಳು ಮಾತ್ರ ಸಾಲುಸಾಲು, ಗಾಜು ಕೆಳಗಿಳಿಸಿ ಕ್ಯಾಮೆರಾ ಹೊರಗೆ ಹಾಕಿ, ಕ್ಲಿಕ್, ಮತ್ತೆ ಗಾಜು ಮೇಲೆ. ಒಂದು ಸುತ್ತಿಗೆ ಇಪ್ಪತ್ತು ನಿಮಿಷ.

ಇಪ್ಪತ್ತು ನಿಮಿಷ! ಹತ್ತಾರು ಸಾವಿರ ವರ್ಷದ ಕೆಲಸಕ್ಕೆ.

ಕಾರಿನೊಳಗಿಂದ ಕಾಣದ ಏನೇನೋ ಅಲ್ಲಿ ಇದೆ. ಹತ್ತಿರ ಹೋಗಿ ಕೂತರೆ ಕಲ್ಲಿನ ಮೈಯಲ್ಲಿ ಮರಳಿನ ಪದರಗಳು ಓರೆಯಾಗಿ ಕಾಣುತ್ತವೆ, ಒಂದು ಕಾಲದ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ಬರೆದಿಟ್ಟ ಹಾಗೆ. ಸಂಜೆ ಬಿಸಿಲಿಗೆ ಪ್ರತಿಯೊಂದು ಕಂಬಕ್ಕೂ ತನಗಿಂತ ಉದ್ದದ ನೆರಳು. ಆದರೆ ಎಲ್ಲಿ ನಿಂತರೂ ಹಿಂದೆ ಒಂದು ಇಂಜಿನ್ ಸದ್ದು. ಮಜಾ ಅಂದರೆ, ಅಲ್ಲೇ ಹತ್ತಿರದಲ್ಲಿ ಲೇಕ್ ಥೀಟಿಸ್ ಅಂತ ಒಂದು ಉಪ್ಪುನೀರಿನ ಸರೋವರ ಇದೆ. ಅದರ ದಡದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಟ್ಟುವ ಥ್ರಾಂಬೊಲೈಟ್ ಅನ್ನೋ ಕಲ್ಲುಗಳಿವೆ, ರೊಟ್ಟಿ ತಟ್ಟಿ ಇಟ್ಟಂತೆ. ಅಲ್ಲಿ ಕಾರು ದೂರದಲ್ಲೇ ನಿಲ್ಲುತ್ತೆ, ಹಲಗೆಯ ದಾರಿಯ ಮೇಲೆ ನಡೆದುಕೊಂಡೇ ಹೋಗಿ ನೋಡಬೇಕು. ಅಂದರೆ ಹೇಗೆ ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ ಅಂತಲ್ಲ!

ಈಗ ಯಾಣ. ವಾಪಸ್ ಬಂದ ಮೇಲೆ ಜನವರಿಯಲ್ಲಿ ಅವ್ವ, ನಾನು, ಮಾಮಾ ಕಾರು ಮಾಡಿಕೊಂಡು ಹೋಗಿದ್ವಿ. ಶಿರಸಿ ಕಡೆಯಿಂದ ಹೋದರೆ ಈಗ ಬಹಳ ಹತ್ತಿರದ ತನಕ ಗಾಡಿ ಹೋಗುತ್ತೆ. ಆದರೂ ಕೊನೆಯ ಸ್ವಲ್ಪ ದೂರ ಕಾಡಿನೊಳಗೆ ನಡೆಯಲೇಬೇಕು, ಮೆಟ್ಟಿಲು ಹತ್ತಲೇಬೇಕು. ಮಾಮಾನ ಗೊಣಗಾಟ ಅಲ್ಲಿಂದಲೇ ಶುರು. "ಇಲ್ಲೀತನಕ ರೋಡ್ ಮಾಡ್ಯಾರ, ಇನ್ನೊಂಚೂರು ಮಾಡಿದ್ರ ಇವರ ಗಂಟೇನ್ ಹೋಗ್ತಿತ್ತು?"

ಈ ಮಾತು ಮಾಮಾ ಒಬ್ಬನದ್ದಲ್ಲ. ಯಾವ ಬೆಟ್ಟ, ಯಾವ ಜಲಪಾತಕ್ಕೆ ಹೋದರೂ ಪಾರ್ಕಿಂಗಿನಲ್ಲಿ ಕೇಳಿಬರೋ ಮಾತೇ ಇದು. ಆ "ಇನ್ನೊಂಚೂರು" ಇದೆಯಲ್ಲ, ಅದೇ ಅಪಾಯ ಅಂತ ನಾನು ಹೇಳ್ತಿರೋದು.

ಯಾಕೆಂದರೆ ಯಾಣ ಯಾಣವಾಗೋದು ಆ ಕೊನೆಯ ದಾರಿಯಲ್ಲೇ. ಮೊದಲು ಮರ, ಮರ, ಬರೀ ಮರ. ಕಲ್ಲಿನ ಸುಳಿವೇ ಇಲ್ಲ. ನಡೀತಾ ನಡೀತಾ ಮಾತು ತಾನಾಗೇ ಕಡಿಮೆಯಾಗುತ್ತೆ (ಮಾಮಾಂದೂ!). ಆಮೇಲೆ ಎಲೆಗಳ ಸಂದಿಯಲ್ಲಿ ಏನೋ ಕಪ್ಪಗೆ ಕಾಣುತ್ತೆ. ನೆರಳಿರಬೇಕು ಅಂದುಕೊಳ್ತೀರಿ. ಇನ್ನಷ್ಟು ಹೋದರೆ ಆ ನೆರಳು ಮುಗಿಯೋದೇ ಇಲ್ಲ, ಕತ್ತು ಹಿಂದಕ್ಕೆ ಬಾಗಿದಷ್ಟೂ ಮೇಲೆ ಮೇಲೆ. ಬಂಡೆಗೆ ಜೋತುಬಿದ್ದ ಜೇನುಹುಟ್ಟುಗಳು. ಕೆಳಗೆ ಗುಹೆಯಲ್ಲಿ ಭೈರವೇಶ್ವರ, ಮೇಲಿಂದ ಲಿಂಗದ ಮೇಲೆ ಜಿನುಗುವ ನೀರು. ಆ ನೀರೇ ಕಲ್ಲನ್ನು ಕೊರೆದದ್ದು ಅಂತ ಗೊತ್ತಿದ್ದವರಿಗೆ ಅಭಿಷೇಕದ ಅರ್ಥ ಇನ್ನೂ ದೊಡ್ಡದಾಗುತ್ತೆ. ಇದೇ ಬಂಡೆಯ ಬುಡಕ್ಕೆ ಕಾರು ಹೋಗಿ ನಿಂತರೆ? ಬಾಗಿಲು ತೆಗೆದ ಕೂಡಲೇ 120 ಮೀಟರ್ ಕಲ್ಲು ಎದುರಿಗೆ ಇರುತ್ತೆ, ಫೋಟೋದಲ್ಲಿ ನೋಡಿದ್ದಷ್ಟೇ ಇರುತ್ತೆ. ಎತ್ತರ ಅಷ್ಟೇ ಇದ್ದರೂ ಯಾಣ ಸಣ್ಣದಾಗಿರುತ್ತೆ.

ನಾವು ಸಾಫ್ಟ್‌ವೇರ್‌ನವರು ದಿನವಿಡೀ ಮಾಡೋ ಕೆಲಸವೇ ಕ್ಲಿಕ್ಕುಗಳನ್ನು ಕಡಿಮೆ ಮಾಡೋದು. ಮೂರು ಸ್ಕ್ರೀನ್ ಇದ್ದದ್ದನ್ನು ಎರಡು ಮಾಡಿದರೆ ಮ್ಯಾನೇಜರ್ ಖುಷಿ, ಒಂದು ಮಾಡಿದರೆ ಅಪ್ರೈಸಲ್ಲಿಗೆ ಅನುಕೂಲ. ಕರೆಂಟ್ ಬಿಲ್ ಕಟ್ಟೋಕೆ, ಟ್ರೇನ್ ಟಿಕೆಟ್ ಮಾಡಿಸೋಕೆ ಇದು ಸರಿ. ಅಲ್ಲಿ ಕೆಲಸ ಮುಗಿಯೋದು ಮುಖ್ಯ. ಬೆಟ್ಟ ನೋಡೋದು ಮುಗಿಸಬೇಕಾದ ಕೆಲಸ ಅಲ್ಲವಲ್ಲ!

ಯಾಣದ ಬಗ್ಗೆ ಒಂದು ಹಳೇ ಗಾದೆ ನಿಮಗೆಲ್ಲ ಗೊತ್ತೇ ಇದೆ: ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ಗೋಕರ್ಣಕ್ಕೆ ಹೋದರೆ ಪೂಜೆ-ಪುನಸ್ಕಾರಕ್ಕೆ ದುಡ್ಡು ಬೇಕು, ಯಾಣಕ್ಕೆ ಹೋಗೋಕೆ ಮೈಯಲ್ಲಿ ಕಸುವು, ಎದೆಯಲ್ಲಿ ಧೈರ್ಯ ಇದ್ದರೆ ಸಾಕು ಅಂತ. ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಾಗಿದ್ದ ಕಾಲದ ಮಾತು ಅದು. 1990ರ ದಶಕದಲ್ಲಿ 'ನಮ್ಮೂರ ಮಂದಾರ ಹೂವೇ' ಸಿನೆಮಾ ಬಂದ ಮೇಲೆ ಯಾಣ ಮನೆಮಾತಾಯ್ತು, ನಂತರ ರಸ್ತೆಯೂ ಬಂತು. ಈಗ ರೊಕ್ಕ ಇದ್ದವರೇ ಎರಡೂ ಕಡೆ ಹೋಗ್ತೀವಿ. ಗಾದೆಯಲ್ಲಿ ಉಳಿದಿರೋ ಸೊಕ್ಕು ಅಂದರೆ ಆ ಕೊನೆಯ ದಾರಿಯಷ್ಟೇ. ಅದನ್ನೂ ಡಾಂಬರು ಹಾಕಿ ಮುಚ್ಚಿಬಿಟ್ಟರೆ ಗಾದೆಯೂ ಮುಗೀತು.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ತಣ್ಣಗಾಗಿ ಆರು ಮೂಲೆಯ ಕಂಬಗಳಾಗಿ ನಿಂತಿರೋ ಜಾಗ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಅಲ್ಲಿಗೆ ಬೋಟಿನಲ್ಲೇ ಹೋಗಬೇಕು. ಮಳೆಗಾಲದಲ್ಲಿ ಅದೂ ಬಂದ್. "ಇನ್ನೊಂಚೂರು ರೋಡ್ ಮಾಡಿದ್ರೆ" ಅಂತ ಅಲ್ಲಿ ಯಾರೂ ಕೇಳೋದಿಲ್ಲ, ಸಮುದ್ರವೇ ಗೇಟು ಹಾಕಿದೆ. ಯಾಣಕ್ಕೆ ಆ ಭಾಗ್ಯ ಇಲ್ಲ. ಅಲ್ಲಿ ಗೇಟು ನಾವೇ ಹಾಕಿಕೊಳ್ಳಬೇಕು.

"ನಿನಗೇನಪ್ಪಾ, ಇನ್ನೂ ಮೂವತ್ತಾಗಿಲ್ಲ, ಮೊಣಕಾಲು ಗಟ್ಟಿ ಇವೆ, ಮಾತಾಡ್ತೀಯ" ಅಂತ ನೀವು ಬೈಯೋ ಮೊದಲೇ ಹೇಳಿಬಿಡ್ತೀನಿ. ಇದು ನ್ಯಾಯವಾದ ಪ್ರಶ್ನೆ. ಪಿನಕಲ್ಸಿನಲ್ಲಿ ಗಾಲಿಕುರ್ಚಿಯವರೂ ಕಲ್ಲುಗಳ ಹತ್ತಿರ ಹೋಗಿ ನೋಡಬಹುದು, ಯಾಣದಲ್ಲಿ ಆಗೋದಿಲ್ಲ. ಅವ್ವನಿಗೆ ಮೊಣಕಾಲು ನೋವು. ದಾರಿಯಲ್ಲಿ ಮೂರು ಸಲ ಕೂತು, ನೀರು ಕುಡಿದು ಹತ್ತಿದಳು. ಹಳೇ ಕಾಲದ ಹಾಗೆ ಮೈಲಿಗಟ್ಟಲೆ ನಡೆಯಬೇಕಾಗಿದ್ದರೆ ಅವಳು ಯಾಣ ನೋಡುತ್ತಲೇ ಇರಲಿಲ್ಲ. ಹಾಗಾಗಿ ರಸ್ತೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಅದೂ ಅಲ್ಲದೆ ಆ ಕಡೆಯ ಹಳ್ಳಿಗಳಿಗೆ ಬಸ್ಸು ಬೇಕು, ಆಸ್ಪತ್ರೆಗೆ ಹೋಗೋಕೆ ರಸ್ತೆ ಬೇಕು. ಅದು ನಮ್ಮ ಪಿಕ್ನಿಕ್ಕಿಗಿಂತ ದೊಡ್ಡ ವಿಷಯ.

ನಾನು ಕೇಳ್ತಿರೋದು ರಸ್ತೆ ಎಲ್ಲಿ ನಿಲ್ಲಬೇಕು ಅನ್ನೋದನ್ನ. ನಡೆಯೋಕೆ ಆಗದವರಿಗೆ ಒಂದೆರಡು ಬ್ಯಾಟರಿ ಗಾಡಿ ಬಿಡಲಿ, ಮೆಟ್ಟಿಲಿನ ಪಕ್ಕ ಹಿಡಿದುಕೊಳ್ಳೋಕೆ ಕಂಬಿ ಇರಲಿ, ಕೂರೋಕೆ ಕಟ್ಟೆ ಇರಲಿ. ಅಷ್ಟಕ್ಕೆ ಎಲ್ಲರ ಕಾರೂ ಬಂಡೆಯ ಬುಡಕ್ಕೆ ಹೋಗಬೇಕಾಗಿಲ್ಲ. ಅವ್ವನ ಹೆಸರು ಹೇಳಿ ರಸ್ತೆ ಕೇಳೋದು ಮಾಮಾ, ಅವ್ವ ಅಲ್ಲ :)

ಅವರಿಂದ ಕಲಿಯೋದು ಇಲ್ಲವೇ? ಖಂಡಿತ ಇದೆ. ಪಿನಕಲ್ಸಿನ ಮಾಹಿತಿ ಕೇಂದ್ರದಲ್ಲಿ ಕಲ್ಲು ಹೇಗಾಯಿತು ಅಂತ ಮಕ್ಕಳಿಗೂ ತಿಳಿಯೋ ಹಾಗೆ ತೋರಿಸಿದ್ದಾರೆ. ಆ ನೆಲ ಮೂಲದಲ್ಲಿ ನೂಂಗಾರ್ ಜನರದ್ದು. ನಂಬಂಗ್ ಅನ್ನೋ ಹೆಸರೂ ಅವರ ಭಾಷೆಯದ್ದೇ, ಅಂಕುಡೊಂಕು ಅಂತ ಅರ್ಥ. ಅಲ್ಲಿ ಹರಿಯೋ ನದಿ ಹಾಗೆ ಸುತ್ತಿ ಸುತ್ತಿ ಬಂದು ಸುಣ್ಣಕಲ್ಲಿನ ಗುಹೆಗಳಲ್ಲಿ ಮಾಯವಾಗುತ್ತೆ.

ಯಾಣದಲ್ಲಿ ಭಸ್ಮಾಸುರನ ಕಥೆ ಎಲ್ಲರ ಬಾಯಲ್ಲೂ ಇದೆ. ಮೋಹಿನಿಯ ಜೊತೆ ಕುಣಿಯುತ್ತಾ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದ, ಅದಕ್ಕೇ ಇಲ್ಲಿನ ಮಣ್ಣು ಕಪ್ಪು ಅಂತ. ಚೆಂದದ ಕಥೆ, ಇರಲಿ. ಅದರ ಪಕ್ಕದಲ್ಲೇ ಸುಣ್ಣಕಲ್ಲಿನ ಕಥೆಯೂ ಇರಲಿ ಅಂತ ನನ್ನ ಆಸೆ. ನಾವು ಹೋದಾಗ ಅಂಥ ಒಂದು ಕನ್ನಡ ಬೋರ್ಡು ನನ್ನ ಕಣ್ಣಿಗೆ ಬೀಳಲಿಲ್ಲ. ಕಲ್ಲಿನ ವಿಷಯದಲ್ಲಿ ನಮ್ಮವರಿಗಂತೂ ಹೆಮ್ಮೆ ಪಡೋಕೆ ಇನ್ನೂ ಒಂದು ಕಾರಣ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಪ್ರಾಚೀನ ಶಿಲೆಗಳಿಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟ. ಇವತ್ತಿಗೂ ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡ ಅಂದರೆ ಪೇಡೆ ಅಲ್ಲ, ಕಲ್ಲು! ಇದನ್ನು ನಾನು ಎಲ್ಲೋ ಇಂಗ್ಲಿಷಿನಲ್ಲಿ ಓದಿ ತಿಳಿಯಬೇಕಾಯ್ತು.

ಅವರ ಬೋರ್ಡು ನಮಗೆ ಬರಲಿ, ನಮ್ಮ ನಡಿಗೆ ಅವರಿಗೆ ಹೋಗಲಿ. ಇದು ನನ್ನ ಒನ್-ಲೈನ್ ಅಭಿಪ್ರಾಯ.

ನಿಮ್ಮ ಊರಿನ ಹತ್ತಿರವೂ ಇಂಥ ಜಾಗ ಇದ್ದೇ ಇರುತ್ತೆ. ಅಲ್ಲಿ ರಸ್ತೆ ಎಲ್ಲಿಗೆ ನಿಂತಿದೆ? ಇನ್ನೊಂಚೂರು ಮುಂದೆ ಹೋಗಬೇಕಾ, ಬೇಡವಾ? ಬರೀರಿ. ಮಾಮಾನ ಪಕ್ಷದವರಿಗೂ ಸ್ವಾಗತ, ಜಗಳಕ್ಕೆ ರೆಡಿ ಇದ್ದೀನಿ :)